ಮೀನು ಕೆಡೋದು ಎಲ್ಲಿ?

ಇವತ್ತು ರಾಜಕಾರಣ ಬೇಡ. ಊಟದ ವಿಷಯ ಮಾತಾಡೋಣ. ಮೀನಿನ ವಿಷಯ.

2018ರ ಜೂನ್ ತಿಂಗಳು ನೆನಪಿದೆಯಾ? ಕೇರಳದ ಆಹಾರ ಸುರಕ್ಷತಾ ಅಧಿಕಾರಿಗಳು ‘ಆಪರೇಷನ್ ಸಾಗರ್ ರಾಣಿ’ ಅಂತ ಹೆಸರಿಟ್ಟು, ಗಡಿ ಚೆಕ್‌ಪೋಸ್ಟ್‌ಗಳಲ್ಲಿ ಲಾರಿ ನಿಲ್ಲಿಸಿ ಮೀನು ಪರೀಕ್ಷೆ ಮಾಡಿದರು. ಫಾರ್ಮಾಲಿನ್ ಹಾಕಿದ ಸಾವಿರಾರು ಕಿಲೋ ಮೀನು ಸಿಕ್ಕಿತು. ಜುಲೈ ತಿಂಗಳಲ್ಲಿ ಗೋವಾ ಸರ್ಕಾರ ಹೊರರಾಜ್ಯದ ಮೀನು ಬರೋದನ್ನೇ ಕೆಲವು ದಿನ ನಿಲ್ಲಿಸಿತು. ನಾವು ಟಿವಿಯವರು ಬಿಡ್ತೀವಾ? ಪರದೆ ತುಂಬ ಕೆಂಪು ಅಕ್ಷರ, ಹಿನ್ನೆಲೆಯಲ್ಲಿ ಶವಾಗಾರದ ಚಿತ್ರ, ‘ಹೆಣಕ್ಕೆ ಹಾಕೋ ಔಷಧ ನಿಮ್ಮ ತಟ್ಟೆಯಲ್ಲಿ!’ ಆ ಕಾರ್ಯಕ್ರಮದಲ್ಲಿ ಕೂತಿದ್ದವನು ನಾನೇ.

ಎರಡು ದಿನ ಆದಮೇಲೆ ನನಗೊಂದು ಫೋನ್ ಬಂತು. ಕರಾವಳಿಯಲ್ಲಿ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವ ಹೆಂಗಸು. ಬೈತಾರೆ ಅಂದುಕೊಂಡೆ. ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು. ‘ಮೀನು ತಿನ್ನಬೇಡಿ ಅಂತ ಒಂದು ಗಂಟೆ ಹೇಳಿದ್ರಿ ಅಲ್ವಾ, ಯಾವ ಮೀನು ತಿನ್ನಬಹುದು ಅಂತ ಯಾಕೆ ಹೇಳಲಿಲ್ಲ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ಗಂಟೆ ಗಂಟಲು ಹರಿದುಕೊಂಡವನಿಗೆ ಆ ಒಂದು ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಆ ಸಾಲವನ್ನು ಇವತ್ತು ತೀರಿಸ್ತೀನಿ.

ಮೊದಲು ಒಂದು ಮಾತು ಸ್ಪಷ್ಟ ಮಾಡಿಬಿಡ್ತೀನಿ. ಮೀನು ಒಳ್ಳೆಯ ಆಹಾರ. ಅದರಲ್ಲಿ ಅನುಮಾನ ಬೇಡ. ನೂರು ಗ್ರಾಂ ಬಂಗುಡೆಯಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇದೆ. ಬಿ12 ಇದೆ, ವಿಟಮಿನ್ ಡಿ ಇದೆ, ಅಯೋಡಿನ್ ಇದೆ. ಮುಳ್ಳು ಸಮೇತ ಅಗಿದು ತಿನ್ನುವ ಸಣ್ಣ ಮೀನಾದರೆ ಕ್ಯಾಲ್ಸಿಯಂ ಕೂಡ ಸಿಗುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ ಒಮೆಗಾ-3 ಅನ್ನೋ ಕೊಬ್ಬು ಇದೆ. ಮೆದುಳಿಗೆ, ಕಣ್ಣಿಗೆ, ಹೃದಯಕ್ಕೆ ಬೇಕಾದ ಕೊಬ್ಬು ಅದು.

1989ರಲ್ಲಿ ಬ್ರಿಟನ್ನಿನ ವೇಲ್ಸ್‌ನಲ್ಲಿ ನಡೆದ ಒಂದು ಅಧ್ಯಯನ ಪ್ರಕಟವಾಯಿತು. ಹೃದಯಾಘಾತದಿಂದ ಬದುಕಿಕೊಂಡ 2,033 ಗಂಡಸರ ಮೇಲೆ ನಡೆದದ್ದು. ವಾರಕ್ಕೆ ಎರಡು ಸಲ ಕೊಬ್ಬಿನಂಶ ಇರುವ ಮೀನು ತಿನ್ನಿ ಅಂತ ಸಲಹೆ ಪಡೆದವರಲ್ಲಿ, ಎರಡು ವರ್ಷದಲ್ಲಿ ಸಾವು ಶೇ. 29ರಷ್ಟು ಕಡಿಮೆ ಆಗಿತ್ತು. ಆಮೇಲೆ ಬಂದ ಎಲ್ಲ ಅಧ್ಯಯನಗಳೂ ಇಷ್ಟೇ ಒಳ್ಳೆಯ ಸುದ್ದಿ ಕೊಟ್ಟವಾ? ಇಲ್ಲ. ಆದರೂ ವಾರಕ್ಕೆ ಎರಡು ಸಲ ಮೀನು ತಿನ್ನಿ ಅನ್ನುವ ಸಲಹೆಯನ್ನು ಅಮೆರಿಕದ ಹಾರ್ಟ್ ಅಸೋಸಿಯೇಷನ್ ಇವತ್ತಿಗೂ ಬಿಟ್ಟಿಲ್ಲ.

ಹಾಗಾದರೆ ಮಾತ್ರೆ ನುಂಗಿದರೆ ಆಯ್ತಲ್ಲ, ಮೀನೆಣ್ಣೆ ಕ್ಯಾಪ್ಸುಲ್ ಇದೆಯಲ್ಲ ಅಂತೀರಾ? ಅದನ್ನೂ ಪರೀಕ್ಷೆ ಮಾಡಿದ್ದಾರೆ. ಅಮೆರಿಕದಲ್ಲಿ 25 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ‘ವೈಟಲ್’ ಅನ್ನೋ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ದಿನಕ್ಕೊಂದು ಗ್ರಾಂ ಮೀನೆಣ್ಣೆ ಕ್ಯಾಪ್ಸುಲ್ ತಗೊಂಡ ಆರೋಗ್ಯವಂತರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಎಲ್ಲ ಒಟ್ಟು ಸೇರಿಸಿ ನೋಡಿದಾಗ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಡಬ್ಬಿಗೆ ಸಾವಿರ ರೂಪಾಯಿ ಕೊಡೋ ಮುಂಚೆ ಇದನ್ನು ನೆನಪಿಟ್ಟುಕೊಳ್ಳಿ. ವೈದ್ಯರು ಬರೆದುಕೊಟ್ಟಿದ್ದರೆ ಆ ಮಾತು ಬೇರೆ.

ಸರಿ, ಇಷ್ಟು ಒಳ್ಳೆಯ ಆಹಾರ ಅಪಾಯ ಆಗೋದು ಎಲ್ಲಿ? ಮೂರು ಜಾಗದಲ್ಲಿ. ಒಂದು, ಸಮುದ್ರದಲ್ಲಿ. ಎರಡು, ದಾರಿಯಲ್ಲಿ. ಮೂರು, ನಮ್ಮ ಅಡುಗೆಮನೆಯಲ್ಲಿ. ನಾವು ಹೆದರೋದು ಮೊದಲನೆಯದಕ್ಕೆ. ಆದರೆ ನಮ್ಮಂಥ ಸಾಮಾನ್ಯ ಮನೆಗಳಿಗೆ ಹೆಚ್ಚು ತೊಂದರೆ ಆಗೋದು ಎರಡನೆಯದು ಮತ್ತು ಮೂರನೆಯದರಲ್ಲಿ. ಒಂದೊಂದಾಗಿ ನೋಡೋಣ.

ಸಮುದ್ರದಲ್ಲಿ

ಸಮುದ್ರದ ಅಪಾಯ ಅಂದರೆ ಮುಖ್ಯವಾಗಿ ಪಾದರಸ. ಜಪಾನಿನಲ್ಲಿ ಮಿನಮಾಟ ಅಂತ ಒಂದು ಊರು. ಅಲ್ಲಿನ ಚಿಸ್ಸೊ ಕಂಪನಿಯ ರಾಸಾಯನಿಕ ಕಾರ್ಖಾನೆ ಪಾದರಸದ ತ್ಯಾಜ್ಯವನ್ನು ಕೊಲ್ಲಿಗೆ ಬಿಟ್ಟಿತು. ಮೀನಿನ ಮೈಯಲ್ಲಿ ಅದು ಸೇರಿತು. ಮೀನು ತಿಂದ ಬೆಕ್ಕುಗಳು ನೆಟ್ಟಗೆ ನಡೆಯಲಾಗದೆ ಸೆಟೆದು ಬೀಳತೊಡಗಿದವು. ಆಮೇಲೆ ಮನುಷ್ಯರ ಕೈಕಾಲು ನಡುಗತೊಡಗಿತು, ಮಾತು ತೊದಲಿತು, ದೃಷ್ಟಿ ಹೋಯಿತು. ತಾಯಂದಿರಿಗೆ ಹೆಚ್ಚೇನೂ ಆಗದಿದ್ದರೂ ಹೊಟ್ಟೆಯೊಳಗಿನ ಮಕ್ಕಳು ನರದೋಷದೊಂದಿಗೆ ಹುಟ್ಟಿದವು. 1956ರಲ್ಲಿ ಆ ಕಾಯಿಲೆಯನ್ನು ಅಧಿಕೃತವಾಗಿ ಗುರುತಿಸಿದರು. ಪಾದರಸವನ್ನು ನಿಯಂತ್ರಿಸುವ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಇವತ್ತು ಆ ಊರಿನ ಹೆಸರೇ ಇದೆ. 2018ರಲ್ಲಿ ಭಾರತವೂ ಅದನ್ನು ಅನುಮೋದಿಸಿದೆ.

ಇದರಿಂದ ನಾವು ಕಲಿಯಬೇಕಾದ್ದು ಏನು? ಪಾದರಸ ಎಲ್ಲ ಮೀನಲ್ಲೂ ಒಂದೇ ಸಮ ಇರೋದಿಲ್ಲ. ಸಣ್ಣ ಮೀನನ್ನು ದೊಡ್ಡ ಮೀನು ತಿನ್ನುತ್ತೆ, ಅದನ್ನು ಇನ್ನೂ ದೊಡ್ಡದು ತಿನ್ನುತ್ತೆ. ಪ್ರತಿ ಮೆಟ್ಟಿಲಿಗೂ ಪಾದರಸ ಸೇರಿಕೊಂಡು ಹೋಗುತ್ತೆ. ಬಡ್ಡಿಗೆ ಬಡ್ಡಿ ಸೇರಿದ ಹಾಗೆ. ಜಾಸ್ತಿ ವರ್ಷ ಬದುಕೋ, ಬೇರೆ ಮೀನನ್ನು ಬೇಟೆಯಾಡೋ ದೊಡ್ಡ ಮೀನಲ್ಲಿ ಅದು ಹೆಚ್ಚು. ಪಾಚಿ, ಸಣ್ಣ ಜೀವಿ ತಿಂದು ಒಂದೆರಡು ವರ್ಷ ಬದುಕೋ ಬೂತಾಯಿಯಲ್ಲಿ ಬಹಳ ಕಡಿಮೆ.

ಈಗ ನಮ್ಮ ರೂಢಿ ನೋಡಿ. ನೆಂಟರು ಬಂದರೆ ಏನು ತರ್ತೀವಿ? ಅಂಜಲ್. ದೊಡ್ಡ ಸ್ಲೈಸು, ದೊಡ್ಡ ದುಡ್ಡು, ದೊಡ್ಡ ಗೌರವ. ಬೂತಾಯಿ ತಂದರೆ? ‘ಅಯ್ಯೋ, ಬೂತಾಯಿನಾ’ ಅಂತ ಮೂಗು ಮುರೀತೀವಿ. ಮಂಗಳೂರಲ್ಲಿ ಬೂತಾಯಿ, ಕಾರವಾರದ ಕಡೆ ತಾರ್ಲೆ, ಎರಡೂ ಒಂದೇ. ಬಡವರ ಮೀನು ಅಂತ ಹೆಸರು. ಒಮೆಗಾ-3 ಲೆಕ್ಕದಲ್ಲಿ ಆ ಬಡವರ ಮೀನೇ ಶ್ರೀಮಂತ. ಪಾದರಸದ ಲೆಕ್ಕದಲ್ಲೂ ಅದೇ ವಾಸಿ. ಅಂಜಲ್ ವಿಷ ಅಂತ ನಾನು ಹೇಳ್ತಿಲ್ಲ. ಆಗೊಮ್ಮೆ ಈಗೊಮ್ಮೆ ಧಾರಾಳವಾಗಿ ತಿನ್ನಿ. ಆದರೆ ವಾರದ ಮೀನು ಸಣ್ಣದಿರಲಿ, ಹಬ್ಬದ ಮೀನು ದೊಡ್ಡದಿರಲಿ.

ಇನ್ನೊಂದು ರೂಢಿ ಇದೆ, ಅದನ್ನು ಗಂಭೀರವಾಗಿ ಹೇಳಬೇಕು. ಪಶ್ಚಿಮ ಕರಾವಳಿಯ ಹಲವು ಮನೆಗಳಲ್ಲಿ ಬಾಣಂತಿಗೆ ಹಾಲು ಹೆಚ್ಚಲಿ ಅಂತ ಸೊರ ಮೀನಿನ ಸಾರು ಕೊಡ್ತಾರೆ. ಸೊರ ಅಂದರೆ ಶಾರ್ಕ್. ತಮಿಳುನಾಡಿನಲ್ಲಿ ಅದಕ್ಕೆ ‘ಪಾಲ್ ಸುರಾ’, ಹಾಲಿನ ಸೊರ ಅಂತಲೇ ಹೆಸರು. ಪ್ರೀತಿಯಿಂದ ಕೊಡ್ತಾರೆ, ಒಪ್ಪಿದೆ. ಆದರೆ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಗರ್ಭಿಣಿಯರು, ಎದೆಹಾಲು ಕುಡಿಸುವ ತಾಯಂದಿರು, ಸಣ್ಣ ಮಕ್ಕಳು ತಿನ್ನಲೇಬಾರದು ಅಂತ ಮಾಡಿದ ಪಟ್ಟಿಯಲ್ಲಿ ಶಾರ್ಕ್ ಇದೆ. ಅದೇ ಪಟ್ಟಿಯಲ್ಲಿ ಕಿಂಗ್ ಮ್ಯಾಕೆರೆಲ್ ಕೂಡ ಇದೆ. ಅಮೆರಿಕದ ಸಮುದ್ರದ ಆ ಮೀನು ನಮ್ಮ ಅಂಜಲ್‌ನ ಹತ್ತಿರದ ಸಂಬಂಧಿ. ಹಾಗಂತ ಬಸುರಿ, ಬಾಣಂತಿಯರಿಗೆ ಮೀನೇ ಬೇಡ ಅಂತಲಾ? ತಪ್ಪು. ಅದೇ ಇಲಾಖೆ ಅವರಿಗೆ ವಾರಕ್ಕೆ ಎರಡು ಮೂರು ಸಲ ಪಾದರಸ ಕಡಿಮೆ ಇರೋ ಮೀನು ತಿನ್ನಿ ಅಂತಲೇ ಹೇಳುತ್ತೆ. ಮಗುವಿನ ಮೆದುಳಿಗೆ ಅದು ಬೇಕು. ‘ಮೀನು ಉಷ್ಣ, ಬಸುರಿಗೆ ಬೇಡ’ ಅಂತ ಪೂರ್ತಿ ಬಿಡಿಸೋದೂ ತಪ್ಪು, ಸೊರ ತಿನ್ನಿಸೋದೂ ತಪ್ಪು. ಬೂತಾಯಿ ಸಾರು ಕೊಡಿ, ಸಾಕು.

ಸಮುದ್ರದ ಇನ್ನೊಂದು ಅಪಾಯ ಚಿಪ್ಪಿನ ಜೀವಿಗಳದ್ದು. ಮರುವಾಯಿ, ಕಲ್ವ ಇವೆಲ್ಲ ನೀರನ್ನು ಸೋಸಿ ತಿನ್ನುವಂಥವು. ನೀರಲ್ಲಿ ವಿಷದ ಪಾಚಿ ಹೆಚ್ಚಿದರೆ ಆ ವಿಷ ಅವುಗಳ ಮೈಯಲ್ಲಿ ಶೇಖರ ಆಗುತ್ತೆ. 1983ರಲ್ಲಿ ಮಂಗಳೂರಿಗೆ ಹತ್ತಿರದ ಕುಂಬಳೆಯ ಅಳಿವೆಯಲ್ಲಿ ತೆಗೆದ ಚಿಪ್ಪಿನ ಮಾಂಸ ತಿಂದು ಜನ ಅಸ್ವಸ್ಥರಾದರು. ಈ ವಿಷ ಕುದಿಸಿದರೂ ಹೋಗೋದಿಲ್ಲ. ಹಾಗಾಗಿ ನೀರಿನ ಬಣ್ಣ ಕೆಂಪಗೋ ಕಂದಾಗಿಯೋ ತಿರುಗಿದ್ದರೆ, ಮೀನು ಸತ್ತು ತೇಲುತ್ತಿದ್ದರೆ, ಅಲ್ಲಿಯ ಮರುವಾಯಿ ಆ ದಿನಗಳಲ್ಲಿ ಬೇಡ. ತಿಂದ ಮೇಲೆ ತುಟಿ, ನಾಲಿಗೆ ಜೋಮು ಹಿಡಿದರೆ ಕಾಯಬೇಡಿ, ಆಸ್ಪತ್ರೆಗೆ ಓಡಿ.

ದಾರಿಯಲ್ಲಿ

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಮೀನು ದಡಕ್ಕೆ ಬಂತು. ಅಲ್ಲಿಂದ ನಿಮ್ಮ ಮನೆಗೆ ಬರುವ ತನಕ ಅದರ ಜೀವ ಇರೋದು ಒಂದೇ ವಸ್ತುವಿನಲ್ಲಿ. ಐಸು.

2018ರಲ್ಲಿ ನಾವು ಫಾರ್ಮಾಲಿನ್ ಫಾರ್ಮಾಲಿನ್ ಅಂತ ಕೂಗಿದೆವು. ಅದನ್ನು ಯಾಕೆ ಹಾಕ್ತಾರೆ ಅಂತ ಕೇಳಲೇ ಇಲ್ಲ. ಐಸಿಗೆ ದುಡ್ಡು ಬೇಕು. ಐಸು ಕರಗುತ್ತೆ, ಮತ್ತೆ ಹಾಕಬೇಕು. ನಮ್ಮ ಹವೆಯಲ್ಲಿ ಒಂದು ಕಿಲೋ ಮೀನಿಗೆ ಹೆಚ್ಚುಕಡಿಮೆ ಒಂದು ಕಿಲೋ ಐಸು ಬೇಕು. ಎರಡು ದಿನದ ಲಾರಿ ದಾರಿಯಲ್ಲಿ ಐಸು ಉಳಿಸಲು ಹೋದವನು ಫಾರ್ಮಾಲಿನ್ ಬಾಟಲಿ ಹಿಡೀತಾನೆ. ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿದೆ. ಮೀನಿಗೆ ಹಾಕೋದು ಅಪರಾಧ. ಕೊಚ್ಚಿಯಲ್ಲಿರುವ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಅದನ್ನು ಕೆಲವೇ ನಿಮಿಷದಲ್ಲಿ ಪತ್ತೆ ಮಾಡುವ ಕಿಟ್ ಮಾಡಿಕೊಟ್ಟಿದೆ. ‘ನೊಣ ಕೂರದಿದ್ದರೆ ಫಾರ್ಮಾಲಿನ್’ ಅಂತ ವಾಟ್ಸಾಪಿನಲ್ಲಿ ಬರುತ್ತಲ್ಲ, ಅದನ್ನು ನಂಬಿ ಕೂರಬೇಡಿ. ಚೆನ್ನಾಗಿ ಐಸು ಹಾಕಿದ ಮೀನಿನ ಮೇಲೂ ನೊಣ ಕಡಿಮೆಯೇ.

ಆದರೆ ಫಾರ್ಮಾಲಿನ್ ಇಲ್ಲದ, ಐಸೂ ಇಲ್ಲದ ಮೀನು ಇದೆಯಲ್ಲ, ಅದರ ಬಗ್ಗೆ ಯಾರೂ ಮಾತಾಡೋದಿಲ್ಲ. ಬಂಗುಡೆ, ಬೂತಾಯಿ, ಕೇದರ, ಇಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಅನ್ನೋ ಅಂಶ ಸಹಜವಾಗಿಯೇ ಜಾಸ್ತಿ. ಐಸಿಲ್ಲದೆ ಬಿಸಿಲಲ್ಲಿ ಕೂತರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಆಗಿ ಬದಲಾಯಿಸುತ್ತೆ. ಆ ಮೀನು ತಿಂದ ಕೆಲವು ನಿಮಿಷದಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪಾಗುತ್ತೆ, ತಲೆ ಸಿಡಿಯುತ್ತೆ, ಮೈ ತುರಿಸುತ್ತೆ, ದದ್ದು ಏಳುತ್ತೆ, ಕೆಲವರಿಗೆ ವಾಂತಿ, ಭೇದಿ. ನಾವೇನಂತೀವಿ? ‘ನನಗೆ ಬಂಗುಡೆ ಅಲರ್ಜಿ.’ ಎಷ್ಟೋ ಜನ ಹೀಗೆ ಅಂದುಕೊಂಡು ಜನ್ಮಪೂರ್ತಿ ಬಂಗುಡೆ ಬಿಟ್ಟಿದ್ದಾರೆ. ತಪ್ಪು ಮೀನಿನದ್ದಾಗಿರಲಿಲ್ಲ, ಐಸಿನದ್ದಾಗಿತ್ತು. ಹಿಂದೆ ಎಷ್ಟೋ ಸಲ ತಿಂದು ಏನೂ ಆಗದೆ ಒಂದು ದಿನ ಮಾತ್ರ ಹೀಗಾಗಿದ್ದರೆ, ಜೊತೆಗೆ ತಿಂದ ಇನ್ನೊಬ್ಬರಿಗೂ ಆಗಿದ್ದರೆ, ಇದೇ ಕಾರಣ ಇರಬಹುದು. ವೈದ್ಯರ ಹತ್ತಿರ ಈ ಮಾತು ಹೇಳಿ. ನಿಜವಾದ ಅಲರ್ಜಿ ಬೇರೆ. ಸಿಗಡಿ, ಏಡಿ ಅಲರ್ಜಿ ಇರುವವರಿಗೆ ಉಸಿರೇ ಕಟ್ಟಬಹುದು. ಅದರ ಜೊತೆ ಪ್ರಯೋಗ ಮಾಡಬೇಡಿ.

ಇನ್ನೊಂದು ಗೊತ್ತಿರಲಿ. ಹಿಸ್ಟಮಿನ್ ಒಮ್ಮೆ ಹುಟ್ಟಿದರೆ ಹೋಗೋದಿಲ್ಲ. ಕುದಿಸಿ, ಹುರಿಯಿರಿ, ಫ್ರಿಜ್ಜಿನಲ್ಲಿಡಿ, ಹುಳಿ ಹಿಂಡಿ, ಹಾಗೇ ಇರುತ್ತೆ. ಸಂಜೆ ಅಗ್ಗಕ್ಕೆ ಸಿಕ್ಕಿತು ಅಂತ ಬಿಸಿಲಲ್ಲಿ ಕೂತ ಬಂಗುಡೆ ತಂದು ‘ಚೆನ್ನಾಗಿ ಬೇಯಿಸಿದರೆ ಸರಿಹೋಗುತ್ತೆ’ ಅನ್ನೋದು ನಮ್ಮ ದೊಡ್ಡ ಭ್ರಮೆ.

ಹಾಗಾದರೆ ಮಾರುಕಟ್ಟೆಯಲ್ಲಿ ಏನು ನೋಡಬೇಕು? ಕಣ್ಣು ಉಬ್ಬಿ ಹೊಳೆಯುತ್ತಿರಬೇಕು. ಕಿವಿರು ಕೆಂಪಾಗಿರಬೇಕು. ಬೆರಳಿಂದ ಒತ್ತಿದರೆ ಮಾಂಸ ವಾಪಸ್ ಏಳಬೇಕು. ಸಮುದ್ರದ ವಾಸನೆ ಇರಬೇಕು, ನಾತ ಇರಬಾರದು. ಇದೆಲ್ಲ ನಿಮಗೆ ಗೊತ್ತಿರೋದೇ. ನಾನು ಸೇರಿಸೋದು ಒಂದೇ: ಮೀನಿನ ಕೆಳಗೂ ಮೇಲೂ ಐಸು ಇದೆಯಾ ನೋಡಿ. ಇಲ್ಲದಿದ್ದರೆ ಬಂಗುಡೆ, ಬೂತಾಯಿ ಬೇಡ. ಮೀನು ತಗೊಂಡ ಮೇಲೆ ಸ್ಕೂಟರಿನ ಹುಕ್ಕಿಗೆ ನೇತುಹಾಕಿ ಇನ್ನೆರಡು ಅಂಗಡಿ ಸುತ್ತಬೇಡಿ. ನಮ್ಮ ಬೇಸಿಗೆಯಲ್ಲಿ ಹಸಿ ಮೀನು ಒಂದು ಗಂಟೆಗಿಂತ ಹೆಚ್ಚು ಹೊರಗಿರಬಾರದು. ಮಾರುಕಟ್ಟೆಯಲ್ಲಿ ಕೊನೆಯ ಖರೀದಿ ಮೀನು ಇರಲಿ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ 61 ದಿನ ಮೀನುಗಾರಿಕೆ ನಿಷೇಧ. ನಾಡದೋಣಿಗಳು ಮಾತ್ರ ಇಳೀತವೆ. ಆ ಸಮಯದಲ್ಲಿ ಬೇಡಿಕೆ ಅಷ್ಟೇ, ಸರಕು ಕಡಿಮೆ. ದೂರದ ಊರುಗಳಿಂದ ಲಾರಿಯಲ್ಲಿ ಬರುವ ಮೀನು ಹೆಚ್ಚು. 2018ರ ಪ್ರಕರಣ ಜೂನ್, ಜುಲೈನಲ್ಲೇ ನಡೆದದ್ದು ಯಾಕೆ ಅಂತ ಈಗ ಹೊಳೀತಾ? ಆ ಎರಡು ತಿಂಗಳು ಹೆಚ್ಚು ಎಚ್ಚರ ಇರಲಿ.

ಅಡುಗೆಮನೆಯಲ್ಲಿ

ಒಳ್ಳೆಯ ಮೀನು, ಒಳ್ಳೆಯ ಐಸು, ಮನೆಗೆ ಬಂತು. ಇನ್ನು ಕೆಡಿಸೋ ಸರದಿ ನಮ್ಮದು.

ಹೃದಯಕ್ಕೆ ಒಳ್ಳೆಯದು ಅಂತ ಮೀನು ತರ್ತೀವಿ. ಆಮೇಲೆ ರವೆ ಮೆತ್ತಿ, ಎಣ್ಣೆಯಲ್ಲಿ ಮುಳುಗಿಸಿ, ಅದೇ ಎಣ್ಣೆಯನ್ನು ನಾಳೆಗೂ ಇಟ್ಟು ಕರೀತೀವಿ. ಮೀನಿನ ಒಳ್ಳೆಯ ಕೊಬ್ಬಿನ ಜಾಗದಲ್ಲಿ ಕಾದ ಎಣ್ಣೆಯ ಕೊಬ್ಬು ಬಂದು ಕೂರುತ್ತೆ. ಮೀನು ತಿಂದರೆ ಹೃದಯಕ್ಕೆ ಒಳ್ಳೆಯದು ಅಂತ ಕಂಡ ಅಧ್ಯಯನಗಳಲ್ಲಿ ಆ ಲಾಭ ಸಿಕ್ಕಿದ್ದು ಬೇಯಿಸಿದ, ಸುಟ್ಟ ಮೀನಿಗೆ. ಕರಿದ ಮೀನಿಗೆ ಅಲ್ಲ. ನಮ್ಮ ಅಜ್ಜಿಯರ ಪುಳಿಮುಂಚಿ, ತೆಂಗಿನಕಾಯಿ ಅರೆದು ಹಾಕಿದ ಸಾರು, ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಮೀನು, ಇವೆಲ್ಲ ಇರುವಾಗ ದಿನಾ ಡೀಪ್ ಫ್ರೈ ಯಾಕೆ? ತವಾದಲ್ಲಿ ಒಂದು ಚಮಚ ಎಣ್ಣೆ ಸಾಕು.

ಎರಡನೆಯದು ಉಪ್ಪು. ಮಳೆಗಾಲದ ಗಂಜಿಗೆ ಒಣಮೀನಿನ ಚಟ್ನಿ ಇಲ್ಲದೆ ಹೇಗೆ, ಗೊತ್ತು ನನಗೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುತ್ತೆ. ಉಪ್ಪು ಹಾಕಿ ಒಣಗಿಸಿದ ಮೀನಿನ ಒಂದೆರಡು ತುಂಡೇ ಅದರಲ್ಲಿ ದೊಡ್ಡ ಪಾಲು ತಿಂದುಹಾಕುತ್ತೆ. ಬಿಪಿ ಇರುವವರು ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ, ಸ್ವಲ್ಪವೇ ತಿನ್ನಿ. ಗೌಟ್, ಅಂದರೆ ಯೂರಿಕ್ ಆಸಿಡ್ ತೊಂದರೆಯಿಂದ ಹೆಬ್ಬೆರಳ ಸಂದು ಊದುವವರು ಬೂತಾಯಿ, ಕೊಲ್ಲತ್ತರು, ಚಿಪ್ಪಿನ ಜೀವಿಗಳನ್ನು ವೈದ್ಯರನ್ನು ಕೇಳಿಯೇ ತಿನ್ನಬೇಕು. ನಾನು ಇಷ್ಟು ಹೊತ್ತು ಹೊಗಳಿದ ಬೂತಾಯಿ ಎಲ್ಲರಿಗೂ ಅಲ್ಲ, ಅದನ್ನೂ ಹೇಳಲೇಬೇಕು.

ಸಿಗಡಿಯಲ್ಲಿ ಕೊಲೆಸ್ಟರಾಲ್ ಇದೆ ಅಂತ ಹೆದರುವವರು ಬಹಳ ಜನ. ಇದೆ, ನಿಜ. ಆದರೆ ರಕ್ತದ ಕೊಲೆಸ್ಟರಾಲ್ ಏರಿಸೋದರಲ್ಲಿ ಹೆಚ್ಚು ಪಾತ್ರ ಇರೋ ಸ್ಯಾಚುರೇಟೆಡ್ ಕೊಬ್ಬು ಸಿಗಡಿಯಲ್ಲಿ ಬಹಳ ಕಡಿಮೆ. ಮಿತವಾಗಿ ತಿಂದರೆ ಬಹುಪಾಲು ಜನರಿಗೆ ಅದು ಸಮಸ್ಯೆಯೇ ಅಲ್ಲ. ಸಮಸ್ಯೆ ಇರೋದು ಅದರ ಜೊತೆ ಬರುವ ಬೆಣ್ಣೆ, ಮೈದಾ, ಎಣ್ಣೆಯಲ್ಲಿ.

ಕೊನೆಗೆ ಆ ಹಳೇ ಮಾತು: ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತೆ. ಬರೋದಿಲ್ಲ. ತೊನ್ನು ಬರೋದು ದೇಹದ ರೋಗನಿರೋಧಕ ವ್ಯವಸ್ಥೆಯೇ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳ ಮೇಲೆ ಬಿದ್ದಾಗ. ಅದಕ್ಕೂ ಮೀನು, ಹಾಲಿಗೂ ಸಂಬಂಧ ಇಲ್ಲ. ತೊನ್ನು ಇರುವ ಮಗುವಿನ ತಾಯಿಗೆ ‘ನೀನೇನು ತಿಂದಿದ್ದೆ’ ಅಂತ ಕೇಳೋ ಜನ ಇನ್ನೂ ಇದ್ದಾರೆ. ದಯವಿಟ್ಟು ಕೇಳಬೇಡಿ.

ಈಗ ಆ ಹೆಂಗಸಿನ ಪ್ರಶ್ನೆಗೆ ನನ್ನ ಉತ್ತರ. ಯಾವ ಮೀನು ತಿನ್ನಬಹುದು? ಸಣ್ಣ ಮೀನು. ಐಸಿನೊಳಗೆ ಬಂದ ಮೀನು. ಸಾರಲ್ಲಿ ಬೆಂದ ಮೀನು. ವಾರಕ್ಕೆರಡು ಸಲ. ಇಷ್ಟೇ. ಇದನ್ನು ಹೇಳಲು ಎರಡು ನಿಮಿಷ ಸಾಕಿತ್ತು. ಆವತ್ತು ಹೇಳಿದ್ದರೆ ಮಾರುವವರಿಗೂ ಕೊಳ್ಳುವವರಿಗೂ ಉಪಕಾರ ಆಗ್ತಿತ್ತು.

ಆದರೆ ಒಂದು ಪ್ರಶ್ನೆ ಬಾಕಿ ಇದೆ, ಅದು ಸರ್ಕಾರಕ್ಕೆ. ಬುಟ್ಟಿ ಹೊತ್ತು ಬಿಸಿಲಲ್ಲಿ ನಡೆಯೋ ಆ ಹೆಂಗಸು ಐಸು ಎಲ್ಲಿಂದ ತರಬೇಕು? ದಿನದ ಲಾಭವೇ ಕೆಲವು ನೂರು ರೂಪಾಯಿ ಇರುವಾಗ ಐಸಿನ ಪೆಟ್ಟಿಗೆಗೆ ಎಲ್ಲಿಂದ ದುಡ್ಡು? ಬಂದರಿನಲ್ಲಿ ದೊಡ್ಡ ಬೋಟಿಗೆ ಟನ್ನುಗಟ್ಟಲೆ ಐಸು ಸಿಗುತ್ತೆ. ಹಳ್ಳಿಯ ಮೀನು ಮಾರುಕಟ್ಟೆಯ ಕಟ್ಟೆಯ ಮೇಲೆ ನೆರಳೂ ಇಲ್ಲ, ನೀರೂ ಇಲ್ಲ. ಅಲ್ಲಿ ಕೆಟ್ಟ ಮೀನನ್ನು ತಿನ್ನೋದು ಬಡವರ ಮಕ್ಕಳು. ಅಧಿಕಾರಿಗಳು ವರ್ಷಕ್ಕೊಮ್ಮೆ ಕಿಟ್ ಹಿಡಿದು ಕ್ಯಾಮೆರಾ ಮುಂದೆ ದಾಳಿ ಮಾಡೋ ಬದಲು, ಪ್ರತಿ ಮೀನು ಮಾರುಕಟ್ಟೆಗೂ ಒಂದು ಐಸು ಯಂತ್ರ ಹಾಕಿಸಿದರೆ ಫಾರ್ಮಾಲಿನ್ ಬಾಟಲಿಗೆ ಅರ್ಧ ಕೆಲಸ ಇರೋದಿಲ್ಲ.

ನಾಳೆ ಬೆಳಗ್ಗೆ ಮೀನು ತರೋಕೆ ಹೋದಾಗ ‘ಎಷ್ಟು ಕಿಲೋಗೆ’ ಅಂತ ಕೇಳೋ ಮುಂಚೆ ‘ಐಸು ಇದೆಯಾ’ ಅಂತ ಕೇಳಿ. ಹತ್ತು ರೂಪಾಯಿ ಜಾಸ್ತಿ ಹೇಳಿದರೆ ಚೌಕಾಸಿ ಮಾಡಬೇಡಿ. ಆ ಹತ್ತು ರೂಪಾಯಿ ಐಸಿನದ್ದು.